ಬೋಲ್ಟು ಕೂತರೆ ಸಾಲದು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ‘ಅಂಬಾಸಿಡರ್‌ಗೆ ವಾಟರ್ ಪಂಪ್ ಇದೆಯಾ?’ ಎಂದು ಕೇಳಿ ನೋಡಿ. ಪಳಗಿದ ಅಂಗಡಿಯವನಾದರೆ ಕಪಾಟಿನತ್ತ ಕೈ ಚಾಚುವ ಮೊದಲು ‘ಯಾವ ಎಂಜಿನ್ನು?’ ಎಂದು ತಿರುಗಿ ಕೇಳುತ್ತಾನೆ. ಕೇಳದೆ ಡಬ್ಬ ತೆಗೆದು ಮುಂದಿಟ್ಟರೆ ಪಕ್ಕದ ಅಂಗಡಿಗೆ ಹೋಗುವುದು ಲೇಸು.

ಹಿಂದುಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ಅಂಬಾಸಿಡರ್ ತಯಾರಿಸಿತು. ಮೈಕಟ್ಟು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರದ್ದು; ಅರ್ಧ ಶತಮಾನ ಕಳೆದರೂ ಅದು ಹೆಚ್ಚು ಬದಲಾಗಲಿಲ್ಲ. ಬಾನೆಟ್ಟಿನ ಕೆಳಗೆ ಮಾತ್ರ ಬಾಡಿಗೆದಾರರು ಬದಲಾಗುತ್ತಲೇ ಇದ್ದರು. ಮೊದಲು ಸೈಡ್ ವಾಲ್ವಿನ ಹಳೇ ಎಂಜಿನ್, ಆಮೇಲೆ ಓವರ್‌ಹೆಡ್ ವಾಲ್ವಿನ 1489 ಸಿಸಿ ಪೆಟ್ರೋಲ್, ಮುಂದೆ ಡೀಸೆಲ್, 1990ರ ದಶಕದಲ್ಲಿ ಇಸುಜು 1.8 ಲೀಟರ್. ಇದು ಸಾಲದೆಂಬಂತೆ, ಟ್ಯಾಕ್ಸಿ ಓಡಿಸುವವರು ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸಿದ್ದೂ ಉಂಟು. ಹಾಗಾಗಿ ಆರ್‌ಸಿ ಪುಸ್ತಕದಲ್ಲಿರುವ ವರ್ಷ ನೋಡಿ ಪಂಪು ಕೊಳ್ಳುವಂತಿಲ್ಲ. ಬ್ಲಾಕಿನ ಮೇಲೆ ಕೆತ್ತಿರುವ ನಂಬರ್ ನೋಡಬೇಕು, ಕಳಚಿದ ಹಳೇ ಪಂಪನ್ನು ಚೀಲದಲ್ಲಿ ಹಾಕಿಕೊಂಡು ಹೋಗಬೇಕು.

ನಾನು ಇಲ್ಲಿ ಮಾತಾಡುವುದು ಮುಖ್ಯವಾಗಿ ಆ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಬಗ್ಗೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಕುಟುಂಬದ್ದು ಅದು. 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದುದೂ ಇದೇ ಗಾತ್ರದ ಎಂಜಿನ್, 1962ರ ಎಂಜಿಬಿಯಲ್ಲಿ ಇದೇ ಮನೆತನದ 1798 ಸಿಸಿಯದು. ನೀರಿನ ಹಾದಿ ಸರಳ. ರೇಡಿಯೇಟರಿನ ಅಡಿಯಿಂದ ಹೊರಟ ನೀರು ಕೆಳಗಿನ ಹೋಸ್ ಮೂಲಕ ಬ್ಲಾಕಿನ ಮುಂಭಾಗದಲ್ಲಿರುವ ಪಂಪಿಗೆ ಬರುತ್ತದೆ. ಪಂಪು ಅದನ್ನು ಸಿಲಿಂಡರುಗಳ ಸುತ್ತ ತಳ್ಳುತ್ತದೆ. ಅಲ್ಲಿಂದ ಹೆಡ್ಡಿಗೆ ಏರಿ, ನೀರು ಕಾದಾಗಷ್ಟೇ ಬಾಯಿ ತೆರೆಯುವ ಥರ್ಮೋಸ್ಟಾಟ್ ದಾಟಿ, ಮೇಲಿನ ಹೋಸಿನಿಂದ ಮತ್ತೆ ರೇಡಿಯೇಟರಿನ ನೆತ್ತಿಗೆ. ಪಂಪಿನ ಮೂತಿಗೇ ಪುಲ್ಲಿ, ಪುಲ್ಲಿಗೇ ಫ್ಯಾನು. ಒಂದೇ ಬೆಲ್ಟು ಕ್ರ್ಯಾಂಕಿನಿಂದ ಹೊರಟು ಪಂಪನ್ನೂ ಡೈನಮೋವನ್ನೂ ತಿರುಗಿಸುತ್ತದೆ.

ಪಂಪು ನಿಜಕ್ಕೂ ಬೇಕೇ? ಮೋಟಾರು ಕಾರಿನ ಚರಿತ್ರೆಯಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳಿದ್ದಾರೆ. ಕಾರ್ಲ್ ಬೆಂಜ್ ತನ್ನ ಮೊದಲ ಕಾರಿನಲ್ಲಿ ನೀರನ್ನು ಕುದಿದು ಆವಿಯಾಗಲು ಬಿಟ್ಟಿದ್ದ. 1888ರಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಮಕ್ಕಳೊಂದಿಗೆ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಾಗ ದಾರಿಯುದ್ದಕ್ಕೂ ನೀರು ತುಂಬಿಸುತ್ತಲೇ ಹೋಗಬೇಕಾಯಿತು. ಇನ್ನು ಹೆನ್ರಿ ಫೋರ್ಡನ ಮಾಡೆಲ್ ಟಿ. ಮೊದಲ ಸುಮಾರು 2,500 ಕಾರುಗಳಿಗೆ ಪಂಪು ಇತ್ತು. ಆಮೇಲೆ ಅದನ್ನು ಕಿತ್ತುಹಾಕಿ, ಬಿಸಿನೀರು ತಾನಾಗಿ ಮೇಲೇರುವ, ತಣ್ಣೀರು ತಾನಾಗಿ ಕೆಳಗಿಳಿಯುವ ಥರ್ಮೋಸೈಫನ್ ವ್ಯವಸ್ಥೆಗೆ ಬಿಟ್ಟರು. ಕೆಡಲು ಅಲ್ಲಿ ಏನೂ ಇಲ್ಲ, ಖರ್ಚೂ ಕಡಿಮೆ. ಆದರೆ ಬೇಸಿಗೆಯಲ್ಲಿ ಗುಡ್ಡ ಹತ್ತಿ ಸುಸ್ತಾದ ಮಾಡೆಲ್ ಟಿ ಮಾಲೀಕರಿಗೆ ಹೊರಗಿನವರು ಪಂಪುಗಳನ್ನು ಪ್ರತ್ಯೇಕವಾಗಿ ಮಾರಿ ಚೆನ್ನಾಗಿಯೇ ಸಂಪಾದಿಸಿದರು.

ಏಕೆಂದರೆ ಥರ್ಮೋಸೈಫನ್ನಿನ ಬಲ ತೀರಾ ಕಡಿಮೆ. 90 ಡಿಗ್ರಿ ನೀರಿನ ಸಾಂದ್ರತೆ ಘನಮೀಟರಿಗೆ ಸುಮಾರು 965 ಕಿಲೋಗ್ರಾಂ, 70 ಡಿಗ್ರಿಯಲ್ಲಿ 978. ನಲವತ್ತು ಸೆಂಟಿಮೀಟರ್ ಎತ್ತರದ ರೇಡಿಯೇಟರಿನಲ್ಲಿ ಈ ವ್ಯತ್ಯಾಸದಿಂದ ಹುಟ್ಟುವ ಒತ್ತಡ ಅರ್ಧ ಸೆಂಟಿಮೀಟರ್ ನೀರಿನ ಕಂಬದಷ್ಟು. ಅಷ್ಟರಲ್ಲಿ ಇಪ್ಪತ್ತು ಅಶ್ವಶಕ್ತಿಯ ನಿಧಾನದ ಎಂಜಿನ್ ಹೇಗೋ ಸಂಭಾಳಿಸಿಕೊಳ್ಳುತ್ತದೆ, ಐವತ್ತರದ್ದು ಸಂಭಾಳಿಸುವುದಿಲ್ಲ.

ಎಷ್ಟು ನೀರು ಸುತ್ತಬೇಕು ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ. ಪೆಟ್ರೋಲಿನ ಶಕ್ತಿಯಲ್ಲಿ ಒರಟಾಗಿ ಮೂರನೇ ಒಂದು ಪಾಲು ಚಕ್ರಕ್ಕೆ, ಮೂರನೇ ಒಂದು ಪಾಲು ಹೊಗೆಯ ಜೊತೆ ಹೊರಕ್ಕೆ, ಉಳಿದ ಪಾಲು ನೀರಿಗೆ ಹೋಗುತ್ತದೆ. ಆಗುಂಬೆ ಘಾಟಿಯನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಎಂಜಿನ್ 25 ಕಿಲೋವ್ಯಾಟ್ ಕೊಡುತ್ತಿದೆ ಎನ್ನಿ. ಸರಿಸುಮಾರು ಅಷ್ಟೇ ಶಾಖ ನೀರಿಗೂ ಸೇರುತ್ತಿದೆ. ನಮ್ಮ ಬಚ್ಚಲುಮನೆಯ ಎರಡು ಕಿಲೋವ್ಯಾಟಿನ ಗೀಸರುಗಳನ್ನು ಒಂದು ಡಜನ್ ಒಟ್ಟಿಗೆ ಹಚ್ಚಿದ ಹಾಗೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಕಿಲೋಜೂಲ್ ಬೇಕು. ಎಂಜಿನ್ನಿನೊಳಗೆ ಹೋಗಿ ಬರುವಷ್ಟರಲ್ಲಿ ನೀರಿನ ಉಷ್ಣತೆ ಆರು ಡಿಗ್ರಿಗಿಂತ ಹೆಚ್ಚು ಏರಬಾರದು ಎಂದಿಟ್ಟುಕೊಂಡರೆ ಸೆಕೆಂಡಿಗೆ ಒಂದು ಲೀಟರ್ ಹರಿಯಬೇಕು. ಒಟ್ಟು ಏಳು ಲೀಟರ್ ನೀರಿದೆ ಎನ್ನುವುದಾದರೆ, ಅಷ್ಟೂ ನೀರು ಪ್ರತಿ ಏಳು ಸೆಕೆಂಡಿಗೆ ಒಂದು ಸುತ್ತು ಬಂದಿರಬೇಕು. ಘಾಟಿಯ ಒಂದು ಹೇರ್‌ಪಿನ್ ತಿರುವು ಮುಗಿಸುವ ಹೊತ್ತಿಗೆ ಎರಡು ಸುತ್ತು.

ಈ ಕೆಲಸ ಮಾಡುವುದು ಅಂಗೈಯಷ್ಟು ಅಗಲದ ಒಂದು ರೆಕ್ಕೆಚಕ್ರ, ಇಂಪೆಲರ್. ನೀರು ಅದರ ನಡುವಿಗೆ ಬಂದು ಬೀಳುತ್ತದೆ, ರೆಕ್ಕೆಗಳು ಅದನ್ನು ಸುತ್ತಿಸಿ ಅಂಚಿನತ್ತ ಎಸೆಯುತ್ತವೆ, ಅಂಚಿನಲ್ಲಿ ಗಳಿಸಿದ ವೇಗ ಸುತ್ತಲಿನ ಬಸವನಹುಳುವಿನಾಕಾರದ ಗೂಡಿನಲ್ಲಿ ಒತ್ತಡವಾಗಿ ಮಾರ್ಪಡುತ್ತದೆ. ಏಳು ಸೆಂಟಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ರೆಕ್ಕೆಯ ತುದಿಯ ವೇಗ ಸೆಕೆಂಡಿಗೆ 11 ಮೀಟರ್, ಅಂದರೆ ಗಂಟೆಗೆ 40 ಕಿಲೋಮೀಟರ್. ಈ ಜಾತಿಯ ಪಂಪುಗಳಿಗೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ವೇಗ ಎರಡು ಪಟ್ಟಾದರೆ ಹರಿವು ಎರಡು ಪಟ್ಟು, ಒತ್ತಡ ನಾಲ್ಕು ಪಟ್ಟು, ನುಂಗುವ ಶಕ್ತಿ ಎಂಟು ಪಟ್ಟು. 800 ಸುತ್ತಿನ ಐಡ್ಲಿಂಗಿನಿಂದ 4,000 ಸುತ್ತಿಗೆ ಹೋದಾಗ ಹರಿವು ಐದು ಪಟ್ಟು, ಶಕ್ತಿಯ ಬೇಡಿಕೆ 125 ಪಟ್ಟು. ವಿನ್ಯಾಸಕಾರನ ಇಕ್ಕಟ್ಟು ಇಲ್ಲೇ ಇದೆ. ಸಿಗ್ನಲ್ಲಿನಲ್ಲಿ ನಿಂತಾಗ ಸಾಕಷ್ಟು ನೀರು ಹರಿಯಲಿ ಎಂದು ದೊಡ್ಡ ಪಂಪು ಇಟ್ಟರೆ ಹೆದ್ದಾರಿಯಲ್ಲಿ ಅದು ಬೆಲ್ಟನ್ನೂ ಪೆಟ್ರೋಲನ್ನೂ ಸುಮ್ಮನೆ ತಿನ್ನುತ್ತದೆ. ಅವನು ಎಲ್ಲೋ ನಡುವೆ ಒಂದು ರಾಜಿ ಮಾಡಿಕೊಂಡಿದ್ದಾನೆ. ಆ ರಾಜಿಯಲ್ಲಿ ಪುಲ್ಲಿಯ ವ್ಯಾಸ, ಫ್ಯಾನಿನ ರೆಕ್ಕೆ, ರೇಡಿಯೇಟರಿನ ದಪ್ಪ ಎಲ್ಲವೂ ಸೇರಿವೆ. ಪಂಪೊಂದನ್ನೇ ಬದಲಿಸುವಾಗ ಆ ರಾಜಿ ಏನಿತ್ತೆಂದು ತಿಳಿದಿರಬೇಕು.

ಈಗ ಎರಡು ಪಂಪುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಮಲಗಿಸಿ. ಒಂದು ಕಳಚಿದ ಹಳೆಯದು, ಇನ್ನೊಂದು ಪ್ಲಾಸ್ಟಿಕ್ ಚೀಲದಿಂದ ಈಗಷ್ಟೇ ತೆಗೆದದ್ದು. ಬೋಲ್ಟಿನ ತೂತುಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರುತ್ತವೆ. ಗ್ಯಾಸ್ಕೆಟ್ಟೂ ಹೊಂದುತ್ತದೆ. ಕೊಳ್ಳುವವರಲ್ಲಿ ಹೆಚ್ಚಿನವರು ಇಲ್ಲಿಗೇ ತೃಪ್ತರಾಗಿ ಹಣ ಎಣಿಸುತ್ತಾರೆ. ಬೋಲ್ಟಿನ ತೂತು ಹೇಳುವುದು ಪಂಪು ಬ್ಲಾಕಿನ ಮೇಲೆ ನಿಲ್ಲುತ್ತದೆ ಎಂಬುದನ್ನು ಮಾತ್ರ. ಎಷ್ಟು ನೀರು ತಳ್ಳುತ್ತದೆ, ಎಷ್ಟು ದಿನ ತಳ್ಳುತ್ತದೆ ಎಂಬುದಕ್ಕೂ ಆ ತೂತುಗಳಿಗೂ ಯಾವ ಸಂಬಂಧವೂ ಇಲ್ಲ.

ಎರಡನ್ನೂ ಮಗುಚಿ ಇಂಪೆಲರ್ ನೋಡಿ. ಹಳೆಯದು ಬಹುಮಟ್ಟಿಗೆ ಎರಕದ ಕಬ್ಬಿಣದ್ದು. ರೆಕ್ಕೆಗಳು ದಪ್ಪ, ಬಾಗಿರುತ್ತವೆ, ತುದಿಗಳು ನೀರಿನಲ್ಲಿ ಸವೆದು ದುಂಡಾಗಿರಬಹುದು. ಅಗ್ಗದ ಹೊಸದರಲ್ಲಿ ತೆಳು ಉಕ್ಕಿನ ತಗಡನ್ನು ಒತ್ತಿ ಮಡಿಸಿದ ನೆಟ್ಟಗಿನ ರೆಕ್ಕೆಗಳು ಇರುತ್ತವೆ. ತಗಡಿನದಾದ ಮಾತ್ರಕ್ಕೆ ಕೆಟ್ಟದ್ದೇನಲ್ಲ, ಒಳ್ಳೆಯ ಪಂಪುಗಳಲ್ಲೂ ತಗಡು ಬಳಸುತ್ತಾರೆ. ಆದರೆ ರೆಕ್ಕೆಗಳ ಎತ್ತರ, ವ್ಯಾಸ ಎರಡನ್ನೂ ವರ್ನಿಯರ್ ಹಿಡಿದು ಅಳೆಯಿರಿ. ವ್ಯಾಸದಲ್ಲಿ ಹತ್ತಕ್ಕೊಂದು ಪಾಲು ಕಡಿಮೆಯಾದರೆ ಒತ್ತಡ ಐದನೇ ಒಂದು ಪಾಲು ಇಳಿಯುತ್ತದೆ, ಏಕೆಂದರೆ ಒತ್ತಡ ತುದಿವೇಗದ ವರ್ಗಕ್ಕೆ ಅನುಗುಣ.

ಅದಕ್ಕಿಂತ ಮುಖ್ಯವಾದದ್ದು ರೆಕ್ಕೆಗೂ ಅದರ ಎದುರಿನ ಗೋಡೆಗೂ ನಡುವಿನ ಸಂದು. ಹೀಗೆ ಮೇಲ್ಮುಚ್ಚಳವಿಲ್ಲದ ಇಂಪೆಲರಿನಲ್ಲಿ ಆ ಸಂದು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಫೀಲರ್ ಗೇಜಿನ ಎಲೆಯನ್ನು ತೂರಿಸಿ, ಚಕ್ರವನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸುತ್ತಾ ನೋಡಿದರೆ ಒಂದು ಕಡೆ ಎಲೆ ಬಿಗಿ, ಎದುರು ಕಡೆ ಸಡಿಲ ಆಗುವುದುಂಟು; ಇಂಪೆಲರನ್ನು ಅದನ್ನು ತಿರುಗಿಸುವ ಕಡ್ಡಿಗೆ (ಶಾಫ್ಟಿಗೆ) ಓರೆಯಾಗಿ ಒತ್ತಿದ್ದಾರೆ ಎಂದು ಗೊತ್ತಾಗುವುದು ಆಗಲೇ. ಸಂದು ಎರಡು ಮಿಲಿಮೀಟರ್ ಇದ್ದರೆ ರೆಕ್ಕೆ ಮುಂದಕ್ಕೆಸೆದ ನೀರು ಅದೇ ಸಂದಿನಲ್ಲಿ ಹಿಂದಕ್ಕೆ ನುಸುಳಿ, ಇದ್ದಲ್ಲೇ ಸುತ್ತುತ್ತದೆ. ಹೊರಗಿನಿಂದ ಏನೂ ಕಾಣದು. ಸೋರುವುದಿಲ್ಲ, ಸದ್ದಿಲ್ಲ, ಬೆಲ್ಟು ತಿರುಗುತ್ತಿದೆ. ಗಾಡಿ ಮಾತ್ರ ಶಿರಾಡಿ ಘಾಟಿಯ ಅರ್ಧದಲ್ಲಿ ಹೀಟಾಗುತ್ತದೆ, ಬೈಗುಳ ರೇಡಿಯೇಟರಿಗೆ ಹೋಗುತ್ತದೆ.

ಹಳೆಯ ಕಾರುಗಳ ಲೋಕದಲ್ಲಿ ಒಂದು ನಂಬಿಕೆ ಬಹಳ ಗಟ್ಟಿಯಾಗಿ ಬೇರುಬಿಟ್ಟಿದೆ: ನೀರು ಜೋರಾಗಿ ಹರಿದರೆ ರೇಡಿಯೇಟರಿನಲ್ಲಿ ತಣಿಯಲು ಸಮಯ ಸಿಗುವುದಿಲ್ಲ, ಅದಕ್ಕೇ ಬಿಸಿಯಾಗುತ್ತದೆ ಎಂದು. ಕೇಳಲು ಬಲು ಸಮಂಜಸ, ಭೌತಶಾಸ್ತ್ರಕ್ಕೆ ಒಪ್ಪುವುದಿಲ್ಲ. ಒಂದು ಹನಿ ನೀರು ಒಳಗೆ ಕಡಿಮೆ ಹೊತ್ತು ಇರುತ್ತದೆ ಎಂಬುದು ನಿಜ. ಹಾಗೆಯೇ ಅದು ಎಂಜಿನ್ನಿನೊಳಗೂ ಕಡಿಮೆ ಹೊತ್ತು ಇರುತ್ತದೆ, ಮತ್ತೆ ಬೇಗ ತಿರುಗಿ ಬರುತ್ತದೆ. ರೇಡಿಯೇಟರ್ ಗಾಳಿಗೆ ಬಿಟ್ಟುಕೊಡುವ ಶಾಖ ಅದರ ಸರಾಸರಿ ಉಷ್ಣತೆಯನ್ನು ಅವಲಂಬಿಸಿದೆ. ಹರಿವು ನಿಧಾನವಾದಾಗ ಮೇಲ್ಗಡೆ ಕಾಯುತ್ತದೆ, ಕೆಳಗಡೆ ತಣ್ಣಗಾಗುತ್ತದೆ. ಕೆಳಗಿನ ಅರ್ಧ ಹೆಚ್ಚು ಕೆಲಸ ಮಾಡದೆ ಸುಮ್ಮನಿರುತ್ತದೆ. ಹರಿವು ಜೋರಾದಾಗ ಮೇಲಿಂದ ಕೆಳಗಿನವರೆಗೆ ಇಡೀ ರೇಡಿಯೇಟರ್ ಹೆಚ್ಚುಕಡಿಮೆ ಒಂದೇ ಬಿಸಿಯಲ್ಲಿದ್ದು ಪೂರ್ತಿ ಮೈಯಿಂದ ದುಡಿಯುತ್ತದೆ. ಕೆಳಗಿನ ಹೋಸ್ ಮುಟ್ಟಿದರೆ ಬಿಸಿಯಾಗಿರುತ್ತದೆ, ಅದನ್ನು ಕಂಡು ಜನ ಗಾಬರಿಯಾಗುತ್ತಾರೆ. ಗಾಬರಿಯಾಗಬೇಕಾದ್ದು ಮೇಲಿನದು ಸುಡುತ್ತಾ ಕೆಳಗಿನದು ಬೆಚ್ಚಗಷ್ಟೇ ಇದ್ದಾಗ.

ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ಥರ್ಮೋಸ್ಟಾಟಿನಿಂದ. ನಮ್ಮಲ್ಲಿ ಗಾಡಿ ಹೀಟಾಗುತ್ತದೆ ಎಂದ ತಕ್ಷಣ ಮೆಕ್ಯಾನಿಕ್ ಕೊಡುವ ಮೊದಲ ಸಲಹೆ ‘ವಾಲ್ವ್ ತೆಗೆದುಬಿಡಿ ಸಾರ್, ನಮ್ಮೂರಿನ ಬಿಸಿಲಿಗೆ ಅದು ಬೇಡ’. ತೆಗೆದ ಮೇಲೆ ಕೆಲವು ಎಂಜಿನ್ನುಗಳು ಇನ್ನಷ್ಟು ಕುದಿಯುತ್ತವೆ. ನೀರಿನ ವೇಗ ಹೆಚ್ಚಾಗಿದ್ದಕ್ಕೆ ಹೀಗಾಯಿತು ಎಂದು ಊಹಿಸುವುದು ಸುಲಭ. ನಿಜವಾದ ಕಾರಣಗಳು ಬೇರೆ. ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವಂತೆ ಕೆಲವು ಎಂಜಿನ್ನುಗಳನ್ನು ರೂಪಿಸಿರುತ್ತಾರೆ. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಎಂಜಿನ್ನಿಗೇ ವಾಪಸಾಗುತ್ತದೆ. ಇನ್ನೊಂದು, ಥರ್ಮೋಸ್ಟಾಟಿನ ಕಿರಿದಾದ ಬಾಯಿ ಪಂಪಿನ ಒತ್ತಡವನ್ನು ಬ್ಲಾಕಿನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಆ ಒತ್ತಡವೇ ಎಕ್ಸಾಸ್ಟ್ ವಾಲ್ವಿನ ಸುತ್ತಮುತ್ತ ನೀರು ಸ್ಥಳೀಯವಾಗಿ ಕುದಿಯದಂತೆ ತಡೆಯುವುದು. ಬಾಯಿ ತೆರೆದಿಟ್ಟರೆ ಅಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಆವಿ ಲೋಹದಿಂದ ಶಾಖವನ್ನು ನೀರಿನಷ್ಟು ಚೆನ್ನಾಗಿ ಎಳೆದುಕೊಳ್ಳುವುದಿಲ್ಲ. ಹೊಸ ಪಂಪು ಕೊಳ್ಳುವ ದಿನವೇ ಹೊಸ ಥರ್ಮೋಸ್ಟಾಟನ್ನೂ ಕೊಳ್ಳಿ ಎಂದು ನಾನು ಹಠ ಹಿಡಿದು ಹೇಳುವುದು ಇದಕ್ಕೇ. ಇಲ್ಲದ ಥರ್ಮೋಸ್ಟಾಟಿನ ಜೊತೆ ಒಳ್ಳೆಯ ಪಂಪು ಕೂಡ ಕೆಟ್ಟ ಹೆಸರು ಹೊರುತ್ತದೆ.

ಒತ್ತಡದ ಮಾತು ಬಂದಿದ್ದರಿಂದ ರೇಡಿಯೇಟರಿನ ಮುಚ್ಚಳವನ್ನೂ ನೋಡಿಬಿಡೋಣ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಎಂಜಿಎ ಕಾಲದ ಬ್ರಿಟಿಷ್ ಕಾರುಗಳಿಗೆ ಸಾಮಾನ್ಯವಾಗಿದ್ದ 7 ಪಿಎಸ್ಐ ಮುಚ್ಚಳ ಹಾಕಿದರೆ ಮಂಗಳೂರಿನಲ್ಲಿ ಕುದಿಬಿಂದು 111 ಡಿಗ್ರಿಗೆ, ಬೆಂಗಳೂರಿನಲ್ಲಿ 109ಕ್ಕೆ ಏರುತ್ತದೆ. ಮುಚ್ಚಳದ ಸ್ಪ್ರಿಂಗ್ ಸೋತಿದ್ದರೆ ಇಡೀ ಹನ್ನೆರಡು ಡಿಗ್ರಿ ಕೈಬಿಟ್ಟಂತೆ. ಪಂಪಿನ ಮಟ್ಟಿಗೆ ಇದು ಇನ್ನೂ ಮುಖ್ಯ. ಇಂಪೆಲರಿನ ನಡುವೆ, ನೀರನ್ನು ಹೀರುವ ಜಾಗದಲ್ಲಿ, ಒತ್ತಡ ಇಡೀ ವ್ಯವಸ್ಥೆಯಲ್ಲೇ ಅತಿ ಕಡಿಮೆ. ಮುಚ್ಚಳ ಕೈಕೊಟ್ಟಾಗ ನೀರು ಮೊದಲು ಅಲ್ಲಿ ಗುಳ್ಳೆಯಾಗುತ್ತದೆ, ರೆಕ್ಕೆಯ ತುದಿಗೆ ಬಂದು ಒತ್ತಡ ಹೆಚ್ಚಾದೊಡನೆ ಗುಳ್ಳೆ ಒಡೆಯುತ್ತದೆ. ಹಾಗೆ ಸಾವಿರಾರು ಗುಳ್ಳೆಗಳು ಒಡೆದೊಡೆದು ರೆಕ್ಕೆಯ ಲೋಹವನ್ನು ಚುಚ್ಚಿ ಚುಚ್ಚಿ ತಿನ್ನುತ್ತವೆ. ಕಳಚಿದ ಪಂಪಿನ ರೆಕ್ಕೆಗಳ ಮೇಲೆ ಸಿಡುಬಿನ ಕಲೆಯಂಥ ಗುಂಡಿಗಳು ಕಂಡರೆ ತುಕ್ಕನ್ನು ಮಾತ್ರ ಅನುಮಾನಿಸದೆ ಮುಚ್ಚಳವನ್ನೂ ಕೆಳಗಿನ ಹೋಸನ್ನೂ ಪರೀಕ್ಷಿಸಿ. ಮೆತ್ತಗಾದ ಕೆಳಹೋಸ್ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಕೆಲವು ಹೋಸುಗಳ ಒಳಗೆ ತಂತಿಯ ಸುರುಳಿ ಇಡುವುದು ಅದನ್ನು ತಡೆಯಲೆಂದೇ. ಹಾಗೆಂದು ಹಳೆಯ ಹಿತ್ತಾಳೆ ರೇಡಿಯೇಟರಿಗೆ ಹೊಸ ಕಾರಿನ 15 ಪಿಎಸ್ಐ ಮುಚ್ಚಳ ಬಿಗಿದರೆ ಬೆಸುಗೆಗಳೇ ಬಿರಿದಾವು.

ಪಂಪು ಸಾಯುವುದು ಮಾತ್ರ ಹೆಚ್ಚಾಗಿ ಇಂಪೆಲರಿನಿಂದಲ್ಲ, ಸೀಲಿನಿಂದ. ತಿರುಗುವ ಕಡ್ಡಿಯೊಂದು ನೀರಿನ ಕೋಣೆಯಿಂದ ಹೊರಗಿನ ಒಣ ಲೋಕಕ್ಕೆ ಬರಬೇಕು, ನೀರು ಮಾತ್ರ ಬರಕೂಡದು. ಬಹಳ ಹಳೆಯ ಕಾರುಗಳಲ್ಲಿ ಗ್ರೀಸು ಹಚ್ಚಿದ ಹುರಿಯನ್ನು ಕಡ್ಡಿಯ ಸುತ್ತ ತುರುಕಿ, ನಟ್ಟು ಬಿಗಿದು ಬಿಗಿದು ಕಾಲ ಹಾಕುತ್ತಿದ್ದರು. ಈಗಿನದು ಯಾಂತ್ರಿಕ ಸೀಲು: ಕನ್ನಡಿಯಂತೆ ಉಜ್ಜಿದ ಇಂಗಾಲದ ಉಂಗುರವೊಂದನ್ನು ಅಷ್ಟೇ ನಯವಾದ ಸೆರಾಮಿಕ್ ಅಥವಾ ಲೋಹದ ಉಂಗುರದ ಮುಖಕ್ಕೆ ಸ್ಪ್ರಿಂಗ್ ಒತ್ತಿಹಿಡಿಯುತ್ತದೆ. ಎರಡರ ನಡುವೆ ಕೆಲವೇ ಮೈಕ್ರಾನ್ ದಪ್ಪದ ಕೂಲೆಂಟ್ ಪದರ. ತಡೆಯಬೇಕಾದ ನೀರೇ ಇಲ್ಲಿ ಎಣ್ಣೆಯ ಕೆಲಸವನ್ನೂ ಮಾಡುತ್ತದೆ. ಆದ್ದರಿಂದಲೇ ನೀರು ತುಂಬದೆ ‘ಒಂದೇ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವುದು ಹೊಸ ಪಂಪಿಗೆ ಮಾರಕ. ಒಣಗಿದ ಮುಖಗಳು ಕ್ಷಣಗಳಲ್ಲಿ ಕಾದು ಗೀರಿಕೊಳ್ಳುತ್ತವೆ.

ಸೀಲಿನ ಇನ್ನೊಬ್ಬ ವೈರಿ ನಮ್ಮ ಕೊಳವೆಬಾವಿಯ ಗಡಸು ನೀರು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಚಕ್ಕೆಯ ಪರಿಚಯ ಹೇಳಿಕೊಡಬೇಕಿಲ್ಲ. ನೀರು ಬಿಸಿಯಾದಷ್ಟೂ ಸಕ್ಕರೆ, ಉಪ್ಪು ಹೆಚ್ಚು ಕರಗಿದರೆ ಕ್ಯಾಲ್ಸಿಯಂ ಕಾರ್ಬೊನೇಟಿನದು ತದ್ವಿರುದ್ಧ ಸ್ವಭಾವ, ಎಲ್ಲಿ ಹೆಚ್ಚು ಬಿಸಿಯೋ ಅಲ್ಲೇ ಕಟ್ಟಿಕೊಳ್ಳುತ್ತದೆ. ಎಂಜಿನ್ನಿನಲ್ಲಿ ಹೆಚ್ಚು ಬಿಸಿ ಇರುವ ಜಾಗಗಳೇ ನೀರು ಹೆಚ್ಚು ಬೇಕಾದ ಜಾಗಗಳು. ಕಳಚಿಬಂದ ಚಕ್ಕೆಗಳೂ ಬ್ಲಾಕಿನ ತುಕ್ಕೂ ಸೀಲಿನ ಮುಖಗಳ ನಡುವೆ ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಬ್ಯಾಟರಿಗೆ ಹಾಕುವ ಶುದ್ಧ ನೀರು, ಅದಕ್ಕೆ ಕಾರಿನ ಕೈಪಿಡಿ ಒಪ್ಪುವ ಹಳೇ ಮಾದರಿಯ ಹಸಿರು ಕೂಲೆಂಟ್, ಇಷ್ಟಾದರೆ ಪಂಪಿನ ಆಯಸ್ಸು ಹೆಚ್ಚುತ್ತದೆ. ನಮ್ಮಲ್ಲಿ ಹೆಪ್ಪುಗಟ್ಟುವ ಚಳಿ ಇಲ್ಲವಲ್ಲ, ಕೂಲೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ಬೇಕಾಗಿರುವುದು ತುಕ್ಕು ತಡೆಯುವ ರಾಸಾಯನಿಕಗಳಿಗಾಗಿ. ಅರ್ಧಕ್ಕರ್ಧ ಗ್ಲೈಕಾಲ್ ಸೇರಿಸುವ ಅಗತ್ಯವೂ ಇಲ್ಲ. ಹಾಗೆ ಸೇರಿಸಿದರೆ ಕುದಿಬಿಂದು ಏಳೆಂಟು ಡಿಗ್ರಿ ಏರಿದರೂ, ಪ್ರತಿ ಲೀಟರು ಹೊರುವ ಶಾಖ ಹತ್ತಕ್ಕೊಂದು ಪಾಲಿನಷ್ಟು ಕಡಿಮೆಯಾಗುತ್ತದೆ.

ಸೀಲಿನ ಹಿಂದೆ, ಪಂಪಿನ ಹೊಟ್ಟೆಯ ಕೆಳಗೆ, ಒಂದು ಸಣ್ಣ ತೂತಿದೆ. ಸೀಲು ದಾಟಿದ ನೀರು ಬೇರಿಂಗಿಗೆ ಹೋಗಿ ಗ್ರೀಸನ್ನು ತೊಳೆಯುವ ಬದಲು ಆ ತೂತಿನಿಂದ ಹೊರಬಿದ್ದು ನಿಮಗೆ ಸುದ್ದಿ ಮುಟ್ಟಿಸಲಿ ಎಂಬ ಏರ್ಪಾಡು. ಅದನ್ನು ಎಂಸೀಲ್ ಹಚ್ಚಿ ಮುಚ್ಚಿದ ಪಂಪುಗಳನ್ನು ನೋಡಿದ್ದೇನೆ. ಸೋರಿಕೆ ನಿಂತಿತು ನಿಜ; ನೀರು ಬೇರಿಂಗಿಗೆ ದಾರಿ ಮಾಡಿಕೊಂಡಿತು. ಬೇರಿಂಗ್ ಸಡಿಲವಾದರೆ ತಿರುಗುತ್ತಿರುವ ಫ್ಯಾನು ಓಲಾಡಿ ರೇಡಿಯೇಟರನ್ನೇ ಕೊರೆದೀತು. ಕೊಳ್ಳುವಾಗ ಆ ತೂತು ಇದೆಯೇ, ಎರಕದ ಮಣ್ಣೋ ಬಣ್ಣವೋ ಅದನ್ನು ಮುಚ್ಚಿದೆಯೇ ಎಂದು ಕಡ್ಡಿ ಹಾಕಿ ನೋಡಿ. ಆಮೇಲೆ ಪುಲ್ಲಿ ಕೂರುವ ಹಬ್ಬನ್ನು ಹಿಡಿದು ಅಲ್ಲಾಡಿಸಿ, ಆಟ ಇರಬಾರದು. ತಿರುಗಿಸಿದಾಗ ಸೀಲಿನ ಸಮನಾದ ಎಳೆತ ಬೆರಳಿಗೆ ಸಿಗಬೇಕು. ಗಾಳಿಯಲ್ಲಿ ಬುಗುರಿಯಂತೆ ಸಲೀಸಾಗಿ ತಿರುಗಿದರೆ ಸೀಲಿನ ಸ್ಪ್ರಿಂಗ್ ಒತ್ತುತ್ತಲೇ ಇಲ್ಲ ಎಂದರ್ಥ.

ಇನ್ನು ಮೂತಿಯ ಉದ್ದ. ಬ್ಲಾಕಿಗೆ ತಾಗುವ ಮುಖದಿಂದ ಪುಲ್ಲಿ ಕೂರುವ ಮುಖದವರೆಗಿನ ಈ ಅಳತೆ ಎಷ್ಟು ಜನರನ್ನು ಸತಾಯಿಸಿದೆ ಎಂಬುದಕ್ಕೆ ಅಮೆರಿಕದ ಷೆವ್ರೊಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್ನಿಗಿಂತ ಒಳ್ಳೆಯ ನಿದರ್ಶನವಿಲ್ಲ. 1955ರಲ್ಲಿ ಬಂದ ಈ ಎಂಜಿನ್ನಿನ ಪಂಪಿನ ಉದ್ದ ಸುಮಾರು 143 ಮಿಲಿಮೀಟರ್. 1969ರಲ್ಲಿ ಕಂಪನಿ ಆಲ್ಟರ್ನೇಟರನ್ನು ಎಂಜಿನ್ನಿನ ಇನ್ನೊಂದು ಬದಿಗೆ ಸರಿಸಿತು, ಬೆಲ್ಟುಗಳ ಸಾಲನ್ನು ಮುಂದಕ್ಕೆ ತಂದಿತು. ಹೆಚ್ಚಿನ ಕಾರುಗಳಿಗೆ 176 ಮಿಲಿಮೀಟರಿನ ಉದ್ದ ಮೂತಿಯ ಪಂಪು ಬಂತು. ಅದೇ ಕಂಪನಿಯ ಕಾರ್ವೆಟ್ ಕಾರು ಮಾತ್ರ ತನ್ನದೇ ದಾರಿ ಹಿಡಿಯಿತು. ಬ್ಲಾಕಿನ ಬೋಲ್ಟುಗಳು ಇದ್ದ ಹಾಗೇ ಇದ್ದವು. ಹೀಗಾಗಿ ಇವತ್ತಿಗೂ ಉದ್ದದ್ದು ಗಿಡ್ಡದರ ಜಾಗದಲ್ಲಿ ಸಲೀಸಾಗಿ ಕೂರುತ್ತದೆ, ಪುಲ್ಲಿಗಳು 33 ಮಿಲಿಮೀಟರ್ ಆಚೀಚೆಯಾಗುತ್ತವೆ, ಫ್ಯಾನು ರೇಡಿಯೇಟರಿಗೆ ಮೂಗು ತಾಗಿಸುತ್ತದೆ.

ಅದಕ್ಕಿಂತ ಕುಟಿಲವಾದ ಬಲೆ ತಿರುಗುವ ದಿಕ್ಕಿನದು. 1980ರ ದಶಕದಲ್ಲಿ ಒಂದೇ ಅಗಲವಾದ ಬೆಲ್ಟು ಹಾವಿನಂತೆ ಸುತ್ತಿ ಎಲ್ಲವನ್ನೂ ತಿರುಗಿಸುವ ಪದ್ಧತಿ ಬಂತು. ಬೆಲ್ಟಿನ ಬೆನ್ನು ಪಂಪಿನ ಪುಲ್ಲಿಯನ್ನು ಒತ್ತಿ ತಿರುಗಿಸುವುದರಿಂದ ಪಂಪು ಹಿಂದಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಸುತ್ತತೊಡಗಿತು, ಇಂಪೆಲರಿನ ರೆಕ್ಕೆಗಳನ್ನೂ ಎದುರು ದಿಕ್ಕಿಗೆ ಬಾಗಿಸಿದರು. ಹಳೆಯ ಎಂಜಿನ್ನಿಗೆ ಇಂಥ ಪಂಪು ಬಿಗಿದರೆ ಏನಾಗುತ್ತದೆ? ನೀರು ಹಿಂದಕ್ಕೆ ಹರಿಯುತ್ತದೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಸೆಂಟ್ರಿಫ್ಯೂಗಲ್ ಪಂಪು ಯಾವ ದಿಕ್ಕಿಗೆ ತಿರುಗಿದರೂ ನೀರನ್ನು ನಡುವಿನಿಂದ ಅಂಚಿಗೇ ಎಸೆಯುತ್ತದೆ. ಹರಿವಿನ ದಿಕ್ಕು ಅದೇ ಇರುತ್ತದೆ, ಪ್ರಮಾಣ ಮಾತ್ರ ಬಿದ್ದುಹೋಗುತ್ತದೆ. ಊರೊಳಗೆ ಎಲ್ಲ ಸರಿ. ಏರು ಸಿಕ್ಕಾಗ, ಭಾರ ಹೇರಿದಾಗ ಮುಳ್ಳು ಕೆಂಪಿಗೆ ಏರುತ್ತದೆ. ಪೂರ್ತಿ ಕೆಟ್ಟಿದ್ದರೆ ಒಂದೇ ದಿನದಲ್ಲಿ ಪತ್ತೆಯಾಗುತ್ತಿತ್ತು. ಅರ್ಧ ಕೆಟ್ಟಿರುವುದರಿಂದ ವರ್ಷಗಟ್ಟಲೆ ಕಾಡುತ್ತದೆ.

ಬಿ-ಸೀರೀಸಿನಲ್ಲಿ ದಿಕ್ಕಿನ ತಾಪತ್ರಯವಿಲ್ಲ, ಮೂತಿಯದ್ದಿದೆ. ಎಂಜಿಬಿಯ ಎಂಜಿನ್ನಿಗೂ ಕಾಲಕಾಲಕ್ಕೆ ಪಂಪು ಬದಲಾಗಿದೆ. ಬ್ರಿಟನ್ನಿನಲ್ಲಿ ಎಂಜಿಬಿಯ ಬಿಡಿಭಾಗಗಳು ಇಂದಿಗೂ ಧಾರಾಳವಾಗಿ ಸಿಗುತ್ತವೆ. ಅಲ್ಲಿರುವ ನಮ್ಮವರ ಸೂಟ್‌ಕೇಸಿನಲ್ಲಿ ಅಂಬಾಸಿಡರಿಗೆಂದು ಒಂದು ತರಿಸಿಕೊಳ್ಳುವ ಆಸೆಯಾಗುವುದು ಸಹಜ. ತರಿಸುವ ಮೊದಲು ಮೂತಿಯ ಉದ್ದ, ಹಬ್ಬಿನ ತೂತುಗಳ ಅಂತರ, ಇಂಪೆಲರಿನ ವ್ಯಾಸ ಮೂರನ್ನೂ ಕಾಗದದ ಮೇಲೆ ಬರೆದು ಕಳಿಸಿ. ಇಲ್ಲಿ ಜೋಡಿಸುವಾಗ ಉಕ್ಕಿನ ನೇರಪಟ್ಟಿಯನ್ನು ಕ್ರ್ಯಾಂಕ್ ಪುಲ್ಲಿಗೂ ಪಂಪಿನ ಪುಲ್ಲಿಗೂ ಅಡ್ಡ ಹಿಡಿದು ನೋಡಬೇಕು. ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಓರೆಯಿದ್ದರೆ ಬೆಲ್ಟು ಅಂಚಿನಲ್ಲಿ ಸವೆಯುತ್ತದೆ, ಬೇರಿಂಗಿನ ಮೇಲೆ ಅಡ್ಡಭಾರ ಬೀಳುತ್ತದೆ. ಬೆಲ್ಟನ್ನು ವೀಣೆಯ ತಂತಿಯಷ್ಟು ಬಿಗಿಯುವುದೂ ಅಷ್ಟೇ ಕೆಟ್ಟದ್ದು.

‘ಹೈ ಫ್ಲೋ’ ಎಂದು ಮುದ್ರಿಸಿದ ಡಬ್ಬಗಳ ಬಗ್ಗೆ ಹೆಚ್ಚು ಹೇಳಲಾರೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಅವು ಏನನ್ನೂ ಸರಿಪಡಿಸುವುದಿಲ್ಲ. ಕಟ್ಟಿಕೊಂಡಿಲ್ಲದಿದ್ದರೆ ಸುಸ್ಥಿತಿಯಲ್ಲಿರುವ ಮೂಲ ಪಂಪೇ ಸಾಕು. ವಿದ್ಯುತ್ ಪಂಪಿನ ಕಥೆ ಬೇರೆ. ನಿಮಿಷಕ್ಕೆ 80 ಲೀಟರ್ ತಳ್ಳುವಂಥವು ಸಿಗುತ್ತವೆ, ಎಂಜಿನ್ನಿನ ವೇಗಕ್ಕೂ ಅವಕ್ಕೂ ನಂಟಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಗಾಡಿ ನಿಂತಿದ್ದರೂ ನೀರು ಪೂರ್ಣ ವೇಗದಲ್ಲಿ ಸುತ್ತುತ್ತದೆ, ಬಂದ್ ಮಾಡಿದ ಮೇಲೂ ಕೆಲ ನಿಮಿಷ ಸುತ್ತಿಸಬಹುದು. ಭೌತಶಾಸ್ತ್ರದ ದೃಷ್ಟಿಯಿಂದ ಇದೇ ಉತ್ತಮ ಪರಿಹಾರ ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಹಳೇ ಡೈನಮೋ ಐಡ್ಲಿಂಗಿನಲ್ಲಿ ಹೆಡ್‌ಲೈಟಿಗೇ ಸರಿಯಾಗಿ ಕರೆಂಟ್ ಕೊಡಲಾರದು. ಪಂಪಿಗಾಗಿ ಆಲ್ಟರ್ನೇಟರ್, ಫ್ಯಾನಿಗಾಗಿ ಇನ್ನೊಂದು ಮೋಟಾರ್, ಎರಡಕ್ಕೂ ಹೊಸ ವೈರಿಂಗ್ ಎಂದು ಶುರುವಾದರೆ ಕೊನೆಯಲ್ಲಿ ಉಳಿಯುವುದು ಬೇರೆಯದೇ ಕಾರು. ದಿನವೂ ಆಫೀಸಿಗೆ ಓಡಿಸುವವರು ಮಾಡಿಕೊಳ್ಳಲಿ. ಭಾನುವಾರ ಬೆಳಗ್ಗೆ ನಂದಿಬೆಟ್ಟದವರೆಗೆ ಹೋಗಿಬರುವವರಿಗೆ ಬೇಡ.

ನನ್ನ ಆಯ್ಕೆ ಕೇಳಿದರೆ, ಕಾರಿನ ಜೊತೆ ಬಂದ ಮೂಲ ಪಂಪಿನ ಎರಕದ ಮೈ ಬಿರುಕಿಲ್ಲದೆ ಉಳಿದಿದ್ದರೆ ಅದನ್ನೇ ರೀಬಿಲ್ಡ್ ಮಾಡಿಸುವುದು. ಮೈ ಸರಿಯಿದ್ದರೆ ಮೂತಿಯ ಉದ್ದವೂ ಒಳಗಿನ ಗೂಡಿನ ಆಕಾರವೂ ತಾನಾಗಿ ಸರಿಯಿರುತ್ತವೆ. ಸವೆಯುವಂಥವು ಕಡ್ಡಿಯ ಜೊತೆಗೇ ಬರುವ ಬೇರಿಂಗ್, ಸೀಲು, ಇಂಪೆಲರ್ ಮೂರೇ. ಪ್ರೆಸ್ ಇರುವ ಒಳ್ಳೆಯ ಲೇತ್ ಶಾಪಿನವರು ಈ ಕೆಲಸ ಮಾಡಿಕೊಡುತ್ತಾರೆ. ಸುತ್ತಿಗೆಯಿಂದ ಬಡಿದು ಕೂರಿಸುವವನ ಹತ್ತಿರ ಕೊಡಬೇಡಿ, ಒಂದೇ ಏಟಿಗೆ ಬೇರಿಂಗಿನ ಗುಂಡುಗಳು ತಮ್ಮ ದಾರಿಯಲ್ಲಿ ಹಳ್ಳ ಕೊರೆಯುತ್ತವೆ. ಇಂಪೆಲರ್ ಒತ್ತುವಾಗ ಎದುರಿಗೆ ನಿಂತು ಆ ಅರ್ಧ ಮಿಲಿಮೀಟರ್ ಸಂದನ್ನು ಕೇಳಿ ಮಾಡಿಸಿಕೊಳ್ಳಿ.

ಕೂರಿಸಿದ ಮೇಲೆ ಹೀಟರಿನ ಕೊಳಾಯಿ ಇದ್ದರೆ ತೆರೆದಿಟ್ಟು, ಕಾರಿನ ಮುಂಭಾಗ ತುಸು ಎತ್ತರದಲ್ಲಿರುವಂತೆ ನಿಲ್ಲಿಸಿ ನಿಧಾನವಾಗಿ ನೀರು ತುಂಬಿಸಿ. ಹೆಡ್ಡಿನಲ್ಲಿ ಗಾಳಿ ಸಿಕ್ಕಿಕೊಂಡರೆ ಪಂಪು ಎಷ್ಟೇ ಒಳ್ಳೆಯದಿದ್ದರೂ ಗುಳ್ಳೆಯನ್ನೇ ಕಡೆಯುತ್ತಿರುತ್ತದೆ. ಮೊದಲ ಒಂದೆರಡು ಬಾರಿ ಕಾದು ತಣಿದಾಗ ಕೆಳಗಿನ ತೂತಿನಲ್ಲಿ ತುಸು ಒದ್ದೆ ಕಂಡರೆ ಹೆದರಬೇಡಿ; ಸೀಲಿನ ಎರಡು ಮುಖಗಳು ಇನ್ನೂ ಒಂದಕ್ಕೊಂದು ಪಳಗುತ್ತಿವೆ. ವಾರ ಕಳೆದ ಮೇಲೂ ತೊಟ್ಟಿಕ್ಕುತ್ತಿದ್ದರೆ ಕಳಚಿ, ಕೊಂಡ ಅಂಗಡಿಗೇ ಒಯ್ಯಿರಿ. ಹಾಗೆ ಒಯ್ಯುವಾಗ ‘ಹಳೇದನ್ನೂ ಕೊಟ್ಟುಬಿಡಿ, ಗುಜರಿಗೆ ಹಾಕ್ತೀವಿ’ ಎಂದು ಅವರು ಕೇಳಿದರೆ ಕೊಡಬೇಡಿ. ಆ ಎರಕದ ಮೈಯನ್ನೇ ಮತ್ತೆ ರೀಬಿಲ್ಡ್ ಮಾಡಿಸಬಹುದು.